ಪ್ಯಾನೆಲ್ ಇಲ್ಲದೆ, ಒಂದು ಕೆ.ಜಿ. ಕುಚ್ಚಲಕ್ಕಿ ಹಿಡಿದುಕೊಂಡು ಸಂಘದ ಚುನಾವಣೆ ಗೆದ್ದದ್ದು

ಪ್ಯಾನೆಲ್ ಇಲ್ಲದೆ, ಅಂದರೆ ಒಟ್ಟಾಗಿ ನಿಲ್ಲುವ ಅಭ್ಯರ್ಥಿಗಳ ತಂಡ ಇಲ್ಲದೆ, ಸಹಕಾರಿ ಸಂಘದ ಚುನಾವಣೆ ಗೆಲ್ಲೋದು ಆಗದ ಮಾತು ಅಂತ ಹೇಳಿದವರಲ್ಲಿ ನನ್ನ ಮನೆಯವರೂ ಇದ್ದರು. ಈಗ ನಾನು ನಿರ್ದೇಶಕಿ. ಮೀಸಲಾತಿ ಇಲ್ಲದ ಸಾಮಾನ್ಯ ಕ್ಷೇತ್ರದ ಏಳು ಸ್ಥಾನಗಳಲ್ಲಿ ಐದನೆಯವಳಾಗಿ ಗೆದ್ದೆ, ಅದೂ ಒಬ್ಬಳೇ ನಿಂತು. ಹೇಗೆ ಮಾಡಿದಿರಿ ಅಂತ ಕಾಪು, ಬ್ರಹ್ಮಾವರ, ಸುರತ್ಕಲ್ ಕಡೆಯವರೆಲ್ಲ ಫೋನ್ ಮಾಡಿ ಕೇಳುತ್ತಿದ್ದಾರೆ. ಹಾಗಾಗಿ ಒಮ್ಮೆ ಕೂತು ಬರೆದೇ ಬಿಡುತ್ತೇನೆ. ನಾಮಪತ್ರ, ಸೂಚಕರು, ಅನುಮೋದಕರು, ಠೇವಣಿ ಎಲ್ಲ ನಿಮಗೆ ಗೊತ್ತಿರುವುದೇ. ಅದಕ್ಕೆ ಹೋಗುವುದಿಲ್ಲ.

ನಮ್ಮದು ಬೆಳೆಗಾರರೂ ಗ್ರಾಹಕರೂ ಒಟ್ಟಿಗೆ ಸದಸ್ಯರಾಗಿರುವ ಸಂಘ. ಉಡುಪಿಯ ಆಸುಪಾಸಿನಲ್ಲಿ ಮೂರು ಮಳಿಗೆಗಳಿವೆ. ಕುಚ್ಚಲಕ್ಕಿ, ತೆಂಗಿನೆಣ್ಣೆ, ಬೆಲ್ಲ, ತರಕಾರಿ, ಮಳೆಗಾಲಕ್ಕೆ ಹಪ್ಪಳ, ಉಪ್ಪಿನಕಾಯಿ. ನಾನು ಬಸಳೆ, ಹರಿವೆ, ಅಲಸಂಡೆ ಕೊಡುತ್ತೇನೆ. ಅಕ್ಕಿ, ಎಣ್ಣೆ ಅಲ್ಲಿಂದಲೇ ಮನೆಗೆ ತರುತ್ತೇನೆ. ಆದ್ದರಿಂದ ಕೌಂಟರ್‌ನ ಎರಡೂ ಕಡೆ ಏನು ನಡೆಯುತ್ತದೆ ಅಂತ ನನಗೆ ಗೊತ್ತು.

ಹಿಂದಿನ ಅವಧಿಯ ಚುನಾವಣೆಯಲ್ಲೂ ನಿಂತಿದ್ದೆ. ಆಗ ನಾವು ನಾಲ್ಕು ಜನ ಸೇರಿ ಒಂದು ತಂಡ ಮಾಡಿದ್ದೆವು. ಕಟಪಾಡಿಯಿಂದ ಸಂತೆಕಟ್ಟೆವರೆಗೆ ಫ್ಲೆಕ್ಸ್, ಕರಪತ್ರ, ಒಂದು ಬಾಡಿಗೆ ಓಮ್ನಿ, ಕಾರ್ಯಕರ್ತರಿಗೆ ಊಟ. ನನ್ನ ಪಾಲಿಗೇ 40 ಸಾವಿರದ ಮೇಲೆ ಹೋಯಿತು. ನಾಲ್ವರೂ ಸೋತೆವು. ಹಳೆಯ ಮಂಡಳಿಯವರು ಏಳಕ್ಕೆ ಏಳು ಜನ ನಿಲ್ಲಿಸಿದ್ದರು. ಏಳು ಸ್ಥಾನಕ್ಕೆ ಒಬ್ಬ ಮತದಾರನಿಗೆ ಏಳು ಮತ ಅಲ್ವಾ. ಅವರ ಚೀಟಿ ಹಿಡಿದುಕೊಂಡು ಬಂದವರು ಅದರಲ್ಲಿದ್ದ ಏಳಕ್ಕೂ ಮುದ್ರೆ ಒತ್ತಿ ಹೋದರು. ನಮ್ಮ ಕಡೆಯವರು ನಮ್ಮ ನಾಲ್ವರಿಗೆ ಒತ್ತಿ, ಉಳಿದ ಮೂರನ್ನು ಪರಿಚಯದ ಮುಖ ನೋಡಿ ಅವರಿಗೇ ಕೊಟ್ಟರು. ತಂಡ ಕಟ್ಟಿದ ತಕ್ಷಣ ಅದು ‘ಅವರಾ, ಇವರಾ’ ಅನ್ನುವ ಜಗಳವಾಗುತ್ತದೆ. ದಿನಾ ಮುಖ ನೋಡುವ ಊರಿನಲ್ಲಿ ಜಗಳ ಯಾರಿಗೂ ಬೇಡ.

ಅದಾದ ಮೇಲೆ ನಾನು ಹಿಡಿದದ್ದು ಮತದಾರರ ಪಟ್ಟಿಯನ್ನು. ಸದಸ್ಯರು ಎರಡು ಸಾವಿರದ ಹತ್ತಿರ. ಮತ ಹಾಕುವ ಅರ್ಹತೆ ಇದ್ದವರು ಅದರ ಅರ್ಧವೂ ಇಲ್ಲ. ಮಹಾಸಭೆಗೆ ಬಾರದವರು, ಕನಿಷ್ಠ ವ್ಯವಹಾರ ಮಾಡದವರು ಅನರ್ಹರ ಪಟ್ಟಿಗೆ ಹೋಗುತ್ತಾರೆ. ಇದು ಕಾನೂನು, ಸರಿ. ಆದರೆ ಹೋದವರು ಯಾರು ಅಂತ ಸಾಲು ಸಾಲಾಗಿ ನೋಡಿದೆ. ತಿಂಗಳಿಗೆ 20 ಕೆ.ಜಿ. ಅಕ್ಕಿ ಒಯ್ಯುವ ಮನೆಗಳೇ ಜಾಸ್ತಿ. ಸದಸ್ಯತ್ವ ಗಂಡನ ಹೆಸರಿನಲ್ಲಿ, ಅಂಗಡಿಗೆ ಬರುವವಳು ಹೆಂಡತಿ, ಬಿಲ್ಲಿನಲ್ಲಿ ಸದಸ್ಯ ಸಂಖ್ಯೆಯೇ ಇಲ್ಲ. ವ್ಯವಹಾರ ಮಾಡಿಯೂ ದಾಖಲೆಯಲ್ಲಿ ಮಾಡಿಲ್ಲ! ಬಿಲ್ ಹಾಕುವ ಹುಡುಗನಿಗೆ ಸಂಖ್ಯೆ ಕೇಳು ಅಂತ ಯಾರೂ ಹೇಳಿರಲಿಲ್ಲ.

ಇಲ್ಲಿಂದಲೇ ಕೆಲಸ ಶುರು. ಚುನಾವಣೆಗೆ ಇನ್ನೂ ವರ್ಷಗಳಿದ್ದವು. ತರಕಾರಿ ಹಾಕಲು ಮಳಿಗೆಗೆ ಹೋದಾಗಲೆಲ್ಲ ಅರ್ಧ ಗಂಟೆ ಅಲ್ಲೇ ನಿಲ್ಲುತ್ತಿದ್ದೆ. ಬಂದವರಿಗೆ ‘ಬಿಲ್ಲಿಗೆ ನಿಮ್ಮ ನಂಬರ್ ಹಾಕಿಸಿ’ ಅಂತ ಹೇಳುವುದು, ಅಷ್ಟೇ. ಸೆಪ್ಟೆಂಬರ್ 25ರೊಳಗೆ ಮಹಾಸಭೆ ಆಗಬೇಕು. ನಮ್ಮಲ್ಲಿ ಅದು ಅಷ್ಟಮಿ, ಚೌತಿಯ ಗಡಿಬಿಡಿಯಲ್ಲೇ ಬರುತ್ತದೆ, ಮೇಲಿಂದ ಮಳೆ. ಪರ್ಕಳ, ಹಿರಿಯಡ್ಕ ಕಡೆಯ ವಯಸ್ಸಾದವರನ್ನು ರಿಕ್ಷಾದಲ್ಲಿ ಕರೆದುಕೊಂಡು ಬಂದು, ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸಿ, ಊಟ ಮಾಡಿಸಿ ಕಳುಹಿಸಿದೆ. ರಿಕ್ಷಾ ಬಾಡಿಗೆ ವರ್ಷಕ್ಕೆ ಎರಡು, ಎರಡೂವರೆ ಸಾವಿರ ಆಗುತ್ತಿತ್ತು. ಕೆಲವರು ಇದನ್ನು ನೋಡಿ ‘ಇವಳಿಗೆ ಬೇರೆ ಕೆಲಸ ಇಲ್ಲ’ ಅಂದರು. ಮೂರನೆಯ ವರ್ಷಕ್ಕೆ ಅರ್ಹರ ಸಂಖ್ಯೆ ಇನ್ನೂರರಷ್ಟು ಏರಿತು. ಅದನ್ನು ಮಾಡಿದ್ದು ನಾನು, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚ ಇಲ್ಲ.

ಸಂಘದ ಗುರುತಿನ ಚೀಟಿಯೂ ದೊಡ್ಡ ತಲೆನೋವು. ಕಳೆದುಕೊಂಡವರೇ ಹೆಚ್ಚು. ನಕಲು ಪ್ರತಿಗೆ ಅರ್ಜಿ, ಫೋಟೊ, ಶುಲ್ಕ, ಮತ್ತೆ ಕಚೇರಿಗೆ ಎರಡು ಸಲ ಅಲೆದಾಟ. ಚುನಾವಣೆಯ ವಾರ ಅದನ್ನು ಮಾಡಿಸಲು ಹೋದರೆ ಆಗುವುದಿಲ್ಲ. ಮಳೆ ಬಿಟ್ಟ ಕೂಡಲೇ ಮಾಡಿಸಿ ಇಟ್ಟುಕೊಳ್ಳಿ.

ಇನ್ನು ಅಕ್ಕಿಯ ವಿಷಯ. ಗೆಲ್ಲಿಸಿದ್ದು ಇದೇ.

ವಾರ್ಷಿಕ ವರದಿ ಪುಸ್ತಕ ಮಹಾಸಭೆಯಲ್ಲಿ ಎಲ್ಲರಿಗೂ ಕೊಡುತ್ತಾರೆ. ಓದುವವರು ಕಡಿಮೆ. ನಾನು ಐದಾರು ವರ್ಷದ ಪುಸ್ತಕ ಒಟ್ಟಿಗೆ ಇಟ್ಟುಕೊಂಡು ಅಕ್ಕಿ ವ್ಯಾಪಾರದ ಸಾಲುಗಳನ್ನು ಮಾತ್ರ ಬರೆದುಕೊಂಡೆ. ‘ದಾಸ್ತಾನು ಕೊರತೆ’ ಅನ್ನುವ ಸಾಲು ವರ್ಷ ವರ್ಷ ಏರುತ್ತಾ ಹೋಗಿತ್ತು. ಹುಳ, ತೂಕ ಇಳಿಯುವುದು, ಇಲಿ, ಇದೆಲ್ಲ ಇರುತ್ತದೆ. ಆದರೂ ಅಷ್ಟು ಇರುವುದಿಲ್ಲ. ಮಹಾಸಭೆಯಲ್ಲಿ ಕೇಳಿದರೆ ‘ಮುಂದಿನ ವಿಷಯ’ ಅಂತ ಮೈಕ್ ತೆಗೆದುಕೊಂಡರು.

ಈ ಲೆಕ್ಕವನ್ನು ಕಾಗದದಲ್ಲಿ ಅಚ್ಚು ಹಾಕಿ ಹಂಚಿ ನೋಡಿದೆ. ಒಬ್ಬರೂ ಓದಲಿಲ್ಲ. 600 ಪ್ರತಿಗೆ ಸಾವಿರದ ಚಿಲ್ಲರೆ ಖರ್ಚು, ದಂಡ. ಆಮೇಲೆ ನನ್ನ ಅಡುಗೆಮನೆಯಲ್ಲೇ ದಾರಿ ಸಿಕ್ಕಿತು. ಒಂದು ಕೆ.ಜಿ. ಕುಚ್ಚಲಕ್ಕಿ, ಆರು ಸಣ್ಣ ಸ್ಟೀಲ್ ಬಟ್ಟಲು, ಒಂದು ಅಡುಗೆ ತಕ್ಕಡಿ. ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಮನೆ ಮನೆಗೆ ಹೊರಟೆ.

ಆಗ ಸಂಘದ ಅಕ್ಕಿ ಕೆ.ಜಿ.ಗೆ 60 ರೂಪಾಯಿ ಆಸುಪಾಸು ಇತ್ತು. ಒಂದು ಕೆ.ಜಿ. ಅಕ್ಕಿಗೆ ಸುಮಾರು ಒಂದೂವರೆ ಕೆ.ಜಿ. ಭತ್ತ ಬೇಕು. ಭತ್ತ ಕೆ.ಜಿ.ಗೆ 24 ಅಂದರೆ ರೈತನಿಗೆ ಹೋಗುವುದು 36 ರೂಪಾಯಿ. ಇದನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಚಾವಡಿಯಲ್ಲಿ ಪೇಪರ್ ಹಾಸಿ, ಅಕ್ಕಿ ಸುರಿದು, ಮೊದಲ ಬಟ್ಟಲಿಗೆ 600 ಗ್ರಾಂ ತೂಗಿ ಹಾಕುತ್ತಿದ್ದೆ. ಇದು ಗದ್ದೆಯವನದ್ದು. ಬೇಯಿಸಿ, ಒಣಗಿಸಿ, ಮಿಲ್ಲು ಮಾಡಲು 80 ಗ್ರಾಂ. ಗೋಣಿ, ಸಾಗಾಟಕ್ಕೆ 70. ಅಂಗಡಿ ಬಾಡಿಗೆ, ಕರೆಂಟು, ಸಂಬಳಕ್ಕೆ 130. ಹುಳ ಹಿಡಿದು, ತೂಕ ಇಳಿದು ಹೋಗುವುದು 30, ಅದಕ್ಕಿಂತ ಜಾಸ್ತಿ ಆಗಬಾರದು. ಉಳಿದ 90 ಗ್ರಾಂ ಸಂಘದ್ದು, ಅಂದರೆ ನಮ್ಮದು. ಆಮೇಲೆ ಹಳೆಯ ವರದಿಯಲ್ಲಿರುವ ಕೊರತೆಯ ಲೆಕ್ಕ ತೋರಿಸಲು, ಆ ಕೊನೆಯ ಬಟ್ಟಲಿನಿಂದ ಎರಡು ಚಮಚ, ಮೂರು ಚಮಚ ಅಂತ ತೆಗೆದು ಪೇಪರಿನ ಮೇಲೆ ಹಾಕುತ್ತಾ ಹೋಗುತ್ತಿದ್ದೆ. ಬಟ್ಟಲಿನ ತಳ ಕಾಣುತ್ತಿತ್ತು.

ಅಷ್ಟು ಹೊತ್ತು ಟಿ.ವಿ. ನೋಡುತ್ತಿದ್ದವರೂ ಎದ್ದು ಬಂದು ಕೂರುತ್ತಿದ್ದರು. ಕಲ್ಯಾಣಪುರದಲ್ಲಿ ಒಬ್ಬರು ಅಜ್ಜಿ ಆ ಚಮಚದ ಅಕ್ಕಿಯನ್ನು ಕೈಯಿಂದ ಒಟ್ಟು ಮಾಡಿ ತಿರುಗಿ ಬಟ್ಟಲಿಗೆ ಹಾಕಿ, ‘ಇದು ಎಲ್ಲಿ ಹೋಯಿತು, ಅದನ್ನು ಹೇಳು’ ಅಂದರು. ನಾನು ಯಾರ ಹೆಸರನ್ನೂ ಹೇಳಲಿಲ್ಲ, ಯಾವ ಮನೆಯಲ್ಲೂ ಹೇಳಲಿಲ್ಲ. ‘ಗೆದ್ದರೆ ಮೂರು ತಿಂಗಳಿಗೊಮ್ಮೆ ಗೋದಾಮು ತೂಗಿಸುತ್ತೇನೆ, ಲೆಕ್ಕ ಅಂಗಡಿಯ ಗೋಡೆಗೆ ಹಚ್ಚುತ್ತೇನೆ’ ಅಂತ ಮಾತ್ರ ಹೇಳಿದೆ. ಪ್ರಚಾರದಲ್ಲಿ ನಾನು ಕೊಟ್ಟ ಭರವಸೆ ಇದೊಂದೇ.

ಮತ ಕೇಳುವ ರೀತಿಯನ್ನೂ ಬದಲಾಯಿಸಿದ್ದೆ. ತಿಳಿದವರು ‘ಸಿಂಗಲ್ ವೋಟ್ ಕೇಳು’ ಅಂದಿದ್ದರು. ಅಂದರೆ ನನಗೊಬ್ಬಳಿಗೇ ಒತ್ತಿ, ಉಳಿದ ಆರನ್ನು ಖಾಲಿ ಬಿಡಿ ಅನ್ನುವುದು. ಆ ಆರು ಮತ ಎದುರಾಳಿಗಳಿಗೆ ಹೋಗುವುದಿಲ್ಲ, ಲೆಕ್ಕದಲ್ಲಿ ಅದು ಸರಿಯೇ. ಆದರೆ ಕೈಯಲ್ಲಿರುವ ಆರು ಮತವನ್ನು ಸುಮ್ನೆ ಬಿಡಲು ಜನರಿಗೆ ಮನಸ್ಸು ಬರುವುದಿಲ್ಲ, ಕೇಳಿದವಳ ಮೇಲೆಯೇ ಅನುಮಾನ ಬರುತ್ತದೆ. ನಾನು ತುಳುವಿನಲ್ಲಿ ‘ಒಂಜಿ ಓಟು ಎಂಕ್ ಕೊರ್ಲೆ, ಒರಿದಿನವು ಈರೆನ ಇಷ್ಟ’ ಅಂದೆ. ಒಂದು ನನಗೆ, ಉಳಿದದ್ದು ನಿಮ್ಮಿಷ್ಟ. ಹಳೆಯ ಮಂಡಳಿಯ ಕಟ್ಟಾ ಬೆಂಬಲಿಗರ ಮನೆಗೂ ಹೋದೆ. ಅವರ ಚೀಟಿಯ ಏಳು ಹೆಸರಿನಲ್ಲಿ ಒಂದನ್ನು ಬಿಟ್ಟು ನನ್ನದು ಸೇರಿಸಿದರೆ ಸಾಕಿತ್ತು. ಆ ಒಂದು ಯಾವುದಾಗಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕವಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಸಲಕ್ಕೂ ಬೇಕು. ಪಟ್ಟಿಯನ್ನು ವಾರ್ಡಿನ ಪ್ರಕಾರ ವಿಂಗಡಿಸದೆ ಬೇರೆ ರೀತಿ ವಿಂಗಡಿಸಿದ್ದನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಮಧ್ಯದಲ್ಲಿ ಒಂದು ಪ್ರಯೋಗ ಮಾಡಿದೆ. ವಾಟ್ಸಾಪಿನಲ್ಲಿ ಬರೆದು ಕಳುಹಿಸುವ ಬದಲು ಧ್ವನಿ ಸಂದೇಶ. ತುಳುವಿನಲ್ಲಿ ನಾನು, ಕೊಂಕಣಿಯಲ್ಲಿ ಪಕ್ಕದ ಮನೆಯಾಕೆ, ಬ್ಯಾರಿಯಲ್ಲಿ ನನಗೆ ಗೊಬ್ಬರ ತಂದುಕೊಡುವವರ ಮಗಳು, ಕುಂದಾಪ್ರ ಕನ್ನಡದಲ್ಲಿ ನನ್ನ ಅತ್ತಿಗೆ. ಒಂದು ನಿಮಿಷ ಮೀರಬಾರದು ಅಂತ ಇಟ್ಟುಕೊಂಡಿದ್ದೆವು. ವಯಸ್ಸಾದವರಿಗೆ ಇದು ಚೆನ್ನಾಗಿ ಹಿಡಿಸಿತು. ಮಣಿಪಾಲದ ಫ್ಲಾಟಿನ ಹುಡುಗ ಹುಡುಗಿಯರು ತೆರೆದೇ ನೋಡಲಿಲ್ಲ. ಅವರಿಗೆ ಬೇರೆ ದಾರಿ ಹಿಡಿಯಬೇಕಾಯಿತು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ 28 ಜನ ಸೇರಿ ಅಂಗಡಿ ತೆರೆದ ಕಥೆ ಹೇಳಿದೆ. ಕಲಬೆರಕೆ ಇಲ್ಲದ ಹಿಟ್ಟು, ಬೆಣ್ಣೆ, ಸಕ್ಕರೆ ಸಿಗಲಿ ಅಂತ ಶುರು ಮಾಡಿದ್ದು, ಎಷ್ಟೇ ಪಾಲು ಹಾಕಿದರೂ ಒಬ್ಬರಿಗೆ ಒಂದೇ ಮತ. ಆ ಪದ್ಧತಿಯೇ ನಮ್ಮ ಸಂಘದವರೆಗೂ ಬಂದಿದೆ, ಒಂದು ಸ್ಥಾನಕ್ಕೆ ಒಂದು ಮತದಂತೆ ಎಲ್ಲರಿಗೂ ಅದೇ ಏಳು. ಇದನ್ನು ಕೇಳಿದ ಮೇಲೆ ಮೂವರು ತಾವಾಗಿಯೇ ಬಂದು ಎಣಿಕೆ ಏಜೆಂಟರಾಗಿ ಕೂತರು. ಹಿರಿಯರ ಹತ್ತಿರ ರಾಚ್‌ಡೇಲ್ ಬೇಕಾಗಲಿಲ್ಲ. ಪುತ್ತೂರಿನಲ್ಲಿ 1909ರಲ್ಲಿ ಮೊಳಹಳ್ಳಿ ಶಿವರಾಯರು ಸಂಘ ಕಟ್ಟಿದ್ದು, 1973ರಲ್ಲಿ ಅಡಿಕೆ ಬೆಳೆಗಾರರು ಕ್ಯಾಂಪ್ಕೊ ಅನ್ನುವ ಸಹಕಾರಿ ಸಂಸ್ಥೆ ಮಾಡಿಕೊಂಡದ್ದು, ಇದನ್ನೆಲ್ಲ ಅವರೇ ನನಗೆ ಹೇಳಿದರು.

ನಾಮಪತ್ರ ಹಿಂತೆಗೆದುಕೊಳ್ಳುವ ದಿನ ಕಠಿಣವಾಗಿತ್ತು. ನಮ್ಮ ಜಿಲ್ಲೆಯಲ್ಲಿ ಅವಿರೋಧ ಆಯ್ಕೆ ಅಂದರೆ ದೊಡ್ಡ ಗೌರವ. ನಾಮಪತ್ರ ಹಿಂತೆಗೆದುಕೊಳ್ಳಿ ಅಂತ ಬೆಳಿಗ್ಗೆಯಿಂದ ಫೋನ್. ಚುನಾವಣೆ ನಡೆದರೆ ಖರ್ಚು ಸಂಘದ ತಲೆಗೆ, ಯಾಕೆ ಸುಮ್ನೆ? ಮಹಿಳಾ ಮೀಸಲು ಎರಡು ಸ್ಥಾನ ಇದೆ, ಅಲ್ಲಿ ಬನ್ನಿ, ನಾವೇ ಗೆಲ್ಲಿಸುತ್ತೇವೆ. ಒಬ್ಬರಂತೂ ಮನೆಗೇ ಬಂದು ಚಾ ಕುಡಿದು ಎರಡು ಗಂಟೆ ಕೂತರು. ನಾನು ಒಪ್ಪಲಿಲ್ಲ. ಸಾಮಾನ್ಯ ಕ್ಷೇತ್ರ ಅಂದರೆ ಎಲ್ಲರದ್ದೂ ಹೌದು. ಮೀಸಲು ಸ್ಥಾನಕ್ಕೆ ಬೇರೆ ಇಬ್ಬರು ಹೆಂಗಸರು ಬರಲಿ, ಆಗ ಮಂಡಳಿಯಲ್ಲಿ ಮೂವರಾಗುತ್ತೇವೆ. ಅಕ್ಕಿ ಕೊಳ್ಳುವವರು ಹೆಂಗಸರು, ಬೇಯಿಸುವವರು ಹೆಂಗಸರು, ಹುಳ ಆರಿಸುವವರೂ ಹೆಂಗಸರು. ಹದಿಮೂರು ಜನರ ಮಂಡಳಿಯಲ್ಲಿ ಇಬ್ಬರಿಗೇ ಯಾಕೆ ನಿಲ್ಲಬೇಕು?

ಖರ್ಚು: ಠೇವಣಿ, ಕಾರ್ಡುಗಳು, ಸ್ಕೂಟರಿನ ಪೆಟ್ರೋಲು, ಮಾದರಿ ಮತಪತ್ರದ ಜೆರಾಕ್ಸ್, ಬೂತಿನ ಹತ್ತಿರ ಕೂತವರಿಗೆ ಚಾ, ಬನ್ಸ್. ಎಲ್ಲ ಸೇರಿ ಹದಿಮೂರು, ಹದಿನಾಲ್ಕು ಸಾವಿರ. ಹಿಂದಿನ ಸಲದ ಮೂರನೇ ಒಂದು ಭಾಗ. ಪ್ರದರ್ಶನದ ಅಕ್ಕಿಗೆ ಖರ್ಚಿಲ್ಲ, ಅದೇ ಒಂದು ಕೆ.ಜಿ. ಕೊನೆಯವರೆಗೂ ಬಂತು.

ಮಾದರಿ ಮತಪತ್ರಕ್ಕೆ ಕೊಟ್ಟ ದುಡ್ಡು ಸಾರ್ಥಕ. ಏಳಕ್ಕಿಂತ ಒಂದು ಜಾಸ್ತಿ ಒತ್ತಿದರೂ ಇಡೀ ಮತಪತ್ರ ಅಸಿಂಧು. ಹಿಂದಿನ ಸಲ ಹಾಗೆ ಹಾಳಾದದ್ದು ತುಂಬಾ. ಬಟ್ಟಲು ಎತ್ತಿಟ್ಟ ಮೇಲೆ, ಅದೇ ಪೇಪರಿನ ಮೇಲೆ ಮಾದರಿ ಇಟ್ಟು ಅವರ ಕೈಯಿಂದಲೇ ಒತ್ತಿಸಿ ನೋಡುತ್ತಿದ್ದೆ. ಎಣಿಸಿ ಒತ್ತಿ, ಏಳಾದ ಮೇಲೆ ಕೈ ಹಿಂದೆ.

ಮತದಾನದ ದಿನ ಭಾನುವಾರ, ಸೆಕೆ. ಆರುನೂರು ಚಿಲ್ಲರೆ ಜನ ಬಂದರು. ಎದುರು ಕಡೆ ಶಾಮಿಯಾನ, ಊಟ, ಒಳ್ಳೆ ಪಾಯಸ. ನನ್ನ ಮತದಾರರೂ ಅಲ್ಲೇ ಉಂಡರು, ನಾನೇ ‘ಉಂಡು ಹೋಗಿ’ ಅಂದೆ. ಸಂಜೆ ಎಣಿಕೆಯಲ್ಲಿ ನನಗೆ ಮುನ್ನೂರ ನಲವತ್ತರ ಮೇಲೆ ಬಂತು. ಎಂಟನೆಯವರಿಗೂ ನನಗೂ ಮೂವತ್ತರಷ್ಟು ಅಂತರ. ಪ್ಯಾನೆಲ್ಲಿನ ಒಬ್ಬರು ಸೋತರು. ಎಣಿಕೆ ಮೇಜಿನಲ್ಲಿ ಕೂತಿದ್ದ ಹುಡುಗಿ ಹೇಳಿದ್ದು: ಆರು ಅವರಿಗೆ, ಒಂದು ನನಗೆ ಇರುವ ಮತಪತ್ರವೇ ಹೆಚ್ಚು ಬಂದದ್ದು. ಯಾರ ಮನೆಗೆ ಹೋಗಬೇಡ ಅಂತ ಎಲ್ಲರೂ ಹೇಳಿದ್ದರೋ, ಆ ಮನೆಗಳ ಮತ ಅದು.

ಮಂಡಳಿಯ ಮೊದಲ ಸಭೆಯಲ್ಲೇ ಗೋದಾಮು ತೂಗುವ ವಿಷಯ ಇಟ್ಟೆ. ಸ್ವಲ್ಪ ಗೊಣಗಾಟ ಆಯಿತು, ನಿರ್ಣಯವೂ ಆಯಿತು. ಮೊದಲ ತೂಕಕ್ಕೆ ಮೂವರು ನಿರ್ದೇಶಕರು ಚೀಲ ಎಣಿಸಲು ಬಂದರು, ಅದರಲ್ಲಿ ಇಬ್ಬರು ಪ್ಯಾನೆಲ್ಲಿನವರೇ. ಹಾಳೆ ಈಗ ಮೂರೂ ಮಳಿಗೆಯ ಗೋಡೆಯಲ್ಲಿದೆ. ಕೊರತೆ ಇನ್ನೂ ನಾನು ಹೇಳಿದ 30 ಗ್ರಾಮಿಗೆ ಇಳಿದಿಲ್ಲ, 40ರ ಹತ್ತಿರ ಇದೆ. ಮುಂದಿನ ಸರದಿ ತೆಂಗಿನೆಣ್ಣೆಯದ್ದು. 2025ರಲ್ಲಿ ಬೆಲೆ ಏರಿದ ಮೇಲೆ ದಿನಾ ಅದರದ್ದೇ ಪ್ರಶ್ನೆ. ಎಣ್ಣೆಯನ್ನು ಬಟ್ಟಲಿನಲ್ಲಿ ಪಾಲು ಮಾಡಿ ತೋರಿಸಿದರೆ ಅರ್ಧ ಬಟ್ಟಲಿಗೇ ಅಂಟುತ್ತದೆ. ಹಾಗಾಗಿ ಕೊಬ್ಬರಿ ಹೋಳಿನಲ್ಲಿ ಮಾಡಿ ನೋಡುತ್ತಿದ್ದೇನೆ. ಗಾಣದವರ ಲೆಕ್ಕ ಕೈಗೆ ಬಂದ ಮೇಲೆ ಅದನ್ನೂ ಬರೆಯುತ್ತೇನೆ.