ಸ್ಕೋಪಿನ ತುದಿಗೆ ಮಂಜು ಹಿಡಿಯದ ಹಾಗೆ ಮಾಡಿದ್ದು

ಪೀಣ್ಯದ ನನ್ನ ಶೆಡ್ಡಿನಿಂದ ರಿಪೇರಿಯಾಗಿ ಹೋದ 4 ಮಿ.ಮೀ. ಸೈನಸ್ ಸ್ಕೋಪ್, ಅಂದರೆ ಡಾಕ್ಟರು ಮೂಗಿನೊಳಗೆ ನೋಡೋ ಕೊಳವೆ, ಒಂದು ಇಲ್ಲಿಯ ತನಕ ಹೆಚ್ಚುಕಮ್ಮಿ 120 ಸಲ ಆಟೋಕ್ಲೇವ್, ಅಂದರೆ ಹಬೆಯಲ್ಲಿ ಕ್ರಿಮಿ ಕೊಲ್ಲೋ ಯಂತ್ರ, ಹೊಕ್ಕು ಬಂದಿದೆ. ಇನ್ನೂ ಮಂಜು ಕಟ್ಟಿಲ್ಲ. "ಅದು ಜರ್ಮನಿಯವರ ಕೆಲಸ, ನಿನಗ್ಯಾಕಪ್ಪಾ" ಅಂದಿದ್ದವರೇ ಈಗ ಫೋನ್ ಮಾಡಿ ವಿಚಾರಿಸ್ತಾರೆ.

ಕೊಳವೆಯೊಳಗೆ ಸಾಲಾಗಿ ಕೂರೋ ಕಡ್ಡಿಯಂಥ ಗಾಜು, ಅಂದರೆ ರಾಡ್ ಲೆನ್ಸ್, ಜೋಡಿಸೋದು ನಮ್ಮ ಕಸುಬಿನವರಿಗೆಲ್ಲ ಗೊತ್ತಿರೋದೇ. ನನ್ನ ಜೀವ ತಿಂದಿದ್ದು ಮುಂದಿನ ಸಫೈರ್ ಗಾಜು. ಮೊದಲು ಯುವಿ ಬೆಳಕಿಗೆ ಗಟ್ಟಿಯಾಗೋ ಅಂಟು ಹಾಕಿದೆ. 134 ಡಿಗ್ರಿ ಹಬೆಗೆ ಹದಿನೈದು ಸಲದಲ್ಲೇ ಅಂಚು ಬಿಟ್ಟಿತು. ಎಪಾಕ್ಸಿ ಅಂಟು 40ರ ತನಕ ಎಳೆಯಿತು. ನನ್ನ ಟೇಬಲ್ ಮೇಲೆ ಚಿತ್ರ ಚೊಕ್ಕವಾಗಿರುತ್ತೆ. ಆಸ್ಪತ್ರೆಯಲ್ಲಿ ಬಿಸಿ ಸ್ಕೋಪು ತಣಿಯುವಾಗ ಒಳಗೆ ನುಗ್ಗಿದ ಆವಿ ಗಾಜಿನ ಹಿಂಬದಿಗೆ ಕೂರುತ್ತೆ, ಒರೆಸೋಕೂ ಆಗಲ್ಲ. "ಏನ್ರೀ, ಮೂಗಿನೊಳಗೆ ನಂದಿಬೆಟ್ಟ ತೋರಿಸ್ತಿದ್ದೀರಲ್ಲ!" ಅಂತ ಒಬ್ಬ ಡಾಕ್ಟರು ಉಗಿದರು. ಒಂದೇ ವಾರ ನಾಲ್ಕು ವಾಪಸ್. ಆ ವರ್ಷ ಅರವತ್ತು ಎಪ್ಪತ್ತು ಸಾವಿರ ನೀರಲ್ಲಿ ಹೋಯ್ತು.

ಕೊನೆಗೆ ಅಂಟಿನ ಸಹವಾಸವೇ ಬೇಡ ಅಂತ ಅಂಚಿಗೆ ಲೋಹ ಲೇಪಿಸಿದ ಸಫೈರ್ ತರಿಸಿ, 80ಕ್ಕೆ 20ರ ಚಿನ್ನ-ತವರದ ಬೆಸುಗೆಗೆ ಕೈ ಹಾಕಿದೆ. ಅದು ಕರಗೋದು 280 ಡಿಗ್ರಿಗೆ. ಅಷ್ಟು ಬಿಸಿಗೆ ಗಾಜಿನ ಸುತ್ತ ಬೆಳಕು ಸಾಗಿಸೋ ಫೈಬರ್ ಎಳೆಗಳನ್ನು ಹಿಡಿದಿಟ್ಟ ಎಪಾಕ್ಸಿ ಸುಟ್ಟು, ಬೆಳಕು ಚಹಾ ಬಣ್ಣಕ್ಕೆ ತಿರುಗಿತು. ಹೀಗೆ ಎರಡು ಸ್ಕೋಪ್ ಹಾಳು ಮಾಡಿದ ಮೇಲೆ ಬುದ್ಧಿ ಬಂತು: ಫೈಬರ್ ಪೂರ್ತಿ ಬಿಚ್ಚಿ, ಒಳಕೊಳವೆಗೆ ಮೊದಲು ಗಾಜು ಬೆಸೆದು, ಆಮೇಲೆ ಹೊಸ ಫೈಬರ್ ಹಾಸಿ ತುದಿ ಪಾಲಿಶ್ ಮಾಡೋದು. ಕೆಲಸ ಮೂರು ಪಟ್ಟು. ಬೆಸುಗೆಯ ಚಿನ್ನದ ಉಂಗುರ ಜಾರದ ಹಾಗೆ ಹೇಗೆ ಹಿಡೀತೀನಿ ಅನ್ನೋದು ನನ್ನ ಹೊಟ್ಟೆಪಾಡು, ಅದನ್ನು ಕೇಳಬೇಡಿ.

ಪರೀಕ್ಷೆಗೆ ಮನೆಯ 10 ಲೀಟರ್ ಕುಕ್ಕರ್ ಎತ್ತಿಕೊಂಡು ಬಂದಿದ್ದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆಯಲ್ಲ, ವಿಷಲ್ ಹೊಡೆದರೂ 120 ಡಿಗ್ರಿ ಮುಟ್ಟಲ್ಲ. ಆದರೂ ಕೆಟ್ಟ ಬೆಸುಗೆ ಅಲ್ಲೇ ಸಿಕ್ಕಿಬೀಳುತ್ತೆ: ತೆಗೆದ ತಕ್ಷಣ ತುದಿಗೆ ಐಸ್ ಒತ್ತಿದರೆ ಒಳಗೆ ಬಿಳಿ ಉಂಗುರ ಮೂಡುತ್ತೆ. ಆ ಕುಕ್ಕರಲ್ಲಿ ಮತ್ತೆ ಬೇಳೆ ಬೇಯಿಸಲ್ಲ ಅಂದಳು ನನ್ನ ಹೆಂಡತಿ. ಹೊಸದು ಕೊಡಿಸಿದೆ, ಅದೂ ಖರ್ಚಿಗೆ ಸೇರಿಸಿಕೊಳ್ಳಿ.

ಇನ್ನೊಂದು. 4ಕೆ ಕ್ಯಾಮೆರಾ ಬಂದ ಮೇಲೆ ಹಳೆ ಕ್ಯಾಮೆರಾದಲ್ಲಿ ಕಾಣದ ಧೂಳೆಲ್ಲ ಕಾಣ್ತಿದೆ. 1959ರಲ್ಲಿ ಹಾಪ್ಕಿನ್ಸ್ ಅನ್ನೋ ಬ್ರಿಟಿಷ್ ಭೌತವಿಜ್ಞಾನಿ ಪೇಟೆಂಟಿಗೆ ಹಾಕಿದ ರಾಡ್ ಲೆನ್ಸ್ ವಿನ್ಯಾಸವೇ ಹಾಗೆ, ಹಳೆ ಸ್ಕೋಪಿನಲ್ಲಿ ಗಾಳಿ ಇದ್ದ ಕಡೆ ಗಾಜು, ಗಾಜಿದ್ದ ಕಡೆ ಗಾಳಿ. ಬಿಂಬ ನಿಲ್ಲೋದು ಕಡ್ಡಿಗಳ ನಡುವೆ ಒಂದು ಬಿಟ್ಟು ಒಂದು ಸಂದಿನಲ್ಲಿ. ಆ ಸಂದಿನ ಮುಖದ ಮೇಲೆ ಕೂತ ಕಣ ಪರದೆಯಲ್ಲಿ ಸಾಸಿವೆ ಕಾಳು. ಪಕ್ಕದ ಸಂದಿನದು ಲೆಕ್ಕಕ್ಕೇ ಇಲ್ಲ. ನಾನೀಗ ಅರ್ಧ ಮುಖಗಳನ್ನಷ್ಟೇ ಜೀವ ಬಿಟ್ಟು ಒರೆಸ್ತೀನಿ.

ಒಂದಕ್ಕೆ ಹನ್ನೊಂದು ಸಾವಿರ ಬೀಳುತ್ತೆ, ಹದಿನೆಂಟು ತಗೋತೀನಿ. ನಂದಿಬೆಟ್ಟದ ಡಾಕ್ಟರೇ ಮೊನ್ನೆ ಆರು ಕಳಿಸಿದ್ದಾರೆ. ಅದರಲ್ಲಿ ಎರಡು 30 ಡಿಗ್ರಿ ಓರೆಯಾಗಿ ನೋಡೋವು, ಓರೆ ಗಾಜು. ಅವನ್ನಿನ್ನೂ ಪೆಟ್ಟಿಗೆಯಿಂದ ತೆಗೆದಿಲ್ಲ.