ಶಕ್ತಿಶಾಲಿ ಲ್ಯಾಪ್‌ಟಾಪಿಗೆ ಡಾಕಿಂಗ್ ಸ್ಟೇಷನ್ ಆರಿಸುವ ಬಗೆ

ಕಲಬುರಗಿಯಲ್ಲಿ ಮದುವೆಯ ವಿಡಿಯೊ ಎಡಿಟ್ ಮಾಡುವವರಿಗೂ ಕಟ್ಟಡದ ನಕ್ಷೆ ತಯಾರಿಸುವ ಎಂಜಿನಿಯರುಗಳಿಗೂ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಅನುಕೂಲದ ಸಾಧನ. ಅದಕ್ಕೆ ಎರಡು ಮಾನಿಟರ್, ಹಾರ್ಡ್ ಡಿಸ್ಕ್, ಕಾರ್ಡ್ ರೀಡರ್, ನೆಟ್‌ವರ್ಕ್ ಕೇಬಲ್ ಎಲ್ಲವನ್ನೂ ಒಂದೇ ಕೇಬಲಿನಲ್ಲಿ ಜೋಡಿಸುವ ಪೆಟ್ಟಿಗೆ, ಅಂದರೆ ಡಾಕಿಂಗ್ ಸ್ಟೇಷನ್ (ಡಾಕು) ಕೊಳ್ಳುವಾಗ, ಡಾಕಿನಲ್ಲಿ ಎಷ್ಟು ಪೋರ್ಟುಗಳಿವೆ ಎಂದು ಎಣಿಸುವುದಕ್ಕಿಂತ ಮೊದಲು ಲ್ಯಾಪ್‌ಟಾಪಿನ ಪೋರ್ಟ್ ಏನು ಮಾಡಬಲ್ಲದು ಎಂಬುದನ್ನು ತಿಳಿಯಬೇಕು.

ಯುಎಸ್‌ಬಿ-ಸಿ ಪೋರ್ಟುಗಳೆಲ್ಲ ನೋಡಲು ಒಂದೇ ತರಹ ಇದ್ದರೂ ಕೆಲವು ಡೇಟಾವನ್ನು ಮಾತ್ರ ಸಾಗಿಸುತ್ತವೆ, ಕೆಲವು ಚಿತ್ರವನ್ನೂ ವಿದ್ಯುತ್ತನ್ನೂ ಸಾಗಿಸುತ್ತವೆ. ನಿಮ್ಮ ಮಾದರಿಯ ವಿವರಪಟ್ಟಿಯಲ್ಲಿ ‘ಥಂಡರ್‌ಬೋಲ್ಟ್ 4’ (ಯುಎಸ್‌ಬಿ-ಸಿ ಆಕಾರದ್ದೇ ಆದ ಹೆಚ್ಚು ವೇಗದ ಪೋರ್ಟ್) ಎಂದಿದ್ದರೆ ಸೆಕೆಂಡಿಗೆ 40 ಗಿಗಾಬಿಟ್ ವೇಗವೂ 60 ಹರ್ಟ್ಜ್‌ನ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವ) ಎರಡು 4ಕೆ ಮಾನಿಟರುಗಳೂ ಖಚಿತ. ಸಾಧಾರಣ ಯುಎಸ್‌ಬಿ-ಸಿ ಡಾಕಿನಲ್ಲಿ ಕೇಬಲಿನ ವೇಗದ ಹಾದಿಗಳನ್ನು ಚಿತ್ರಕ್ಕೂ ಡೇಟಾಕ್ಕೂ ಹಂಚಬೇಕಾಗುತ್ತದೆ. 60 ಹರ್ಟ್ಜ್‌ನ ಒಂದು 4ಕೆ ಚಿತ್ರಕ್ಕೇ ಸೆಕೆಂಡಿಗೆ ಸುಮಾರು 12 ಗಿಗಾಬಿಟ್ ಬೇಕಾಗುವುದರಿಂದ ಎಷ್ಟೋ ಡಾಕುಗಳಲ್ಲಿ ಚಿತ್ರ 30 ಹರ್ಟ್ಜ್‌ಗೆ ಇಳಿದು ಮೌಸ್ ಎಳೆದಂತೆ ಚಲಿಸುತ್ತದೆ. ಡಿಸ್‌ಪ್ಲೇಲಿಂಕ್ ಬಗೆಯ ಡಾಕು ಚಿತ್ರವನ್ನು ಕುಗ್ಗಿಸಿ ಡೇಟಾದ ರೂಪದಲ್ಲಿ ಕಳುಹಿಸುತ್ತದೆ, ಪ್ರೊಸೆಸರಿನ ಮೇಲೆ ಭಾರ ಹಾಕುತ್ತದೆ. ಲೆಕ್ಕಪತ್ರದ ಕೆಲಸಕ್ಕೆ ಅದು ಸಾಕು, ವಿಡಿಯೊ ಕೆಲಸಕ್ಕೆ ನಾನು ಅದನ್ನು ಸೂಚಿಸುವುದಿಲ್ಲ. ಲ್ಯಾಪ್‌ಟಾಪಿನ ಎಚ್‌ಡಿಎಂಐ ಪೋರ್ಟ್ ನೇರವಾಗಿ ಗ್ರಾಫಿಕ್ಸ್ ಕಾರ್ಡಿಗೆ ಸೇರಿದ್ದರೆ ಮುಖ್ಯ ಮಾನಿಟರನ್ನು ಅಲ್ಲಿಗೇ ಜೋಡಿಸಿ, ಉಳಿದದ್ದನ್ನು ಡಾಕಿಗೆ ಬಿಡುವುದು ಉತ್ತಮ.

ಇನ್ನು ವಿದ್ಯುತ್ತಿನ ವಿಷಯ. ಯುಎಸ್‌ಬಿ-ಸಿ ಮೂಲಕ ವಿದ್ಯುತ್ತು ಕೊಡುವುದಕ್ಕೆ ಇರುವ 2021ರ ಪವರ್ ಡೆಲಿವರಿ 3.1 ಮಾನದಂಡ 240 ವ್ಯಾಟ್‌ವರೆಗೆ ಅವಕಾಶ ಕೊಟ್ಟಿದ್ದರೂ ಸಾಮಾನ್ಯ ಡಾಕುಗಳು 60ರಿಂದ 100 ವ್ಯಾಟ್ ಕೊಡುತ್ತವೆ. ನಿಮ್ಮ ಲ್ಯಾಪ್‌ಟಾಪಿನ ಅಡಾಪ್ಟರ್ 180 ಅಥವಾ 230 ವ್ಯಾಟಿನದಾಗಿದ್ದರೆ, ಭಾರಿ ಕೆಲಸದ ನಡುವೆ ಡಾಕಿನ ವಿದ್ಯುತ್ತು ಸಾಲದೆ ಬ್ಯಾಟರಿ ಇಳಿಯುತ್ತದೆ, ಇಲ್ಲವೇ ವೇಗ ಕುಗ್ಗುತ್ತದೆ. ಆದ್ದರಿಂದ ಒಂದೇ ವೈರಿನ ಆಸೆಯನ್ನು ಬಿಟ್ಟು ಮೂಲ ಅಡಾಪ್ಟರನ್ನೂ ಹಾಕಿಡಬೇಕು. ಹಾರ್ಡ್ ಡಿಸ್ಕುಗಳು ಹೆಚ್ಚಿದ್ದರೆ ಡಾಕಿಗೂ ಸ್ವಂತ ಅಡಾಪ್ಟರ್ ಇರಲೇಬೇಕು.

ನಮ್ಮ ಭಾಗದಲ್ಲಿ ಬಹಳ ಜನ ಗಮನಿಸದ ಸಂಗತಿ ಇದಕ್ಕೆ ಸಂಬಂಧಿಸಿದೆ. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತದೆ, ಆದರೆ ಅಡಾಪ್ಟರಿನಿಂದ ನಡೆಯುವ ಡಾಕು ಆ ಕ್ಷಣವೇ ನಿಲ್ಲುತ್ತದೆ. ಅದರೊಂದಿಗೆ ಮಾನಿಟರುಗಳೂ, ಫೈಲ್ ಬರೆಯುತ್ತಿದ್ದ ಹಾರ್ಡ್ ಡಿಸ್ಕೂ ಕಳಚಿಕೊಳ್ಳುತ್ತವೆ. ಗಿರಾಕಿಯ ಮದುವೆಯ ಚಿತ್ರಗಳು ಕೆಡಲು ಅಷ್ಟೇ ಸಾಕು. ಹಾಗಾಗಿ ಯುಪಿಎಸ್‌ಗೆ ಮೊದಲು ಜೋಡಿಸಬೇಕಾದದ್ದು ಡಾಕನ್ನು ಮತ್ತು ಹಾರ್ಡ್ ಡಿಸ್ಕುಗಳನ್ನು. ಮನೆಯ ಇನ್ವರ್ಟರ್ ಬಳಸುವವರು ಅದರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಹಾಕಬೇಕು, ಏಕೆಂದರೆ ಸಾಮಾನ್ಯ ಮೋಡಿನಲ್ಲಿ ಬ್ಯಾಟರಿಗೆ ಬದಲಾಗುವ ವಿಳಂಬವೇ ಡಾಕನ್ನು ಮತ್ತೆ ಆರಂಭಿಸಬಹುದು. ಮೂರು ಪಿನ್ನಿನ ಅಡಾಪ್ಟರಿಗೆ ಅರ್ಥಿಂಗ್ ಇರುವ ಸಾಕೆಟ್ಟೇ ಬೇಕು.

ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿಗಳ ತಾಪಮಾನ 40 ಡಿಗ್ರಿ ದಾಟುತ್ತದೆ. ಥಂಡರ್‌ಬೋಲ್ಟ್ ಡಾಕುಗಳು ಹೇಗೂ ಬಿಸಿಯಾಗುತ್ತವೆ. ಅಲ್ಯೂಮಿನಿಯಂ ಮೈಯಿರುವುದನ್ನು ಆರಿಸಿ, ಲ್ಯಾಪ್‌ಟಾಪಿನ ಬಿಸಿಗಾಳಿ ಬರುವ ಬದಿಯಿಂದ ದೂರವಿಡಿ.

ಕೇಬಲ್ ಡಾಕಿನ ಜೊತೆ ಬಂದದ್ದೇ ಇರಲಿ. ಫೋನ್ ಚಾರ್ಜ್ ಮಾಡುವ ಎಷ್ಟೋ ಕೇಬಲುಗಳ ವೇಗ ಸೆಕೆಂಡಿಗೆ 480 ಮೆಗಾಬಿಟ್ ಮಾತ್ರ.

ಸಾಧ್ಯವಾದರೆ ಲ್ಯಾಪ್‌ಟಾಪನ್ನೂ ಹಾರ್ಡ್ ಡಿಸ್ಕನ್ನೂ ಅಂಗಡಿಗೆ ಒಯ್ದು, ಎರಡು ಮಾನಿಟರ್ ಜೋಡಿಸಿ, ಎರಡರಲ್ಲೂ 60 ಹರ್ಟ್ಜ್ ಆಯ್ಕೆ ಕಾಣುತ್ತದೆಯೇ ಎಂದು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ನೋಡಿ, ಅದೇ ಸಮಯದಲ್ಲಿ ದೊಡ್ಡ ಫೈಲೊಂದನ್ನು ಡಿಸ್ಕಿಗೆ ನಕಲು ಮಾಡಿ. ಆನ್‌ಲೈನಿನಲ್ಲಿ ತರಿಸಿದರೆ ಈ ಪರೀಕ್ಷೆಯನ್ನು ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಮಾಡಿಕೊಳ್ಳಿ.