ಡೇನಿಯಲ್ ಬೂನ್ ಕಾಲದಂತೆ ಚಕಮಕಿಯಿಂದ ಬೆಂಕಿ ಹೊತ್ತಿಸುವುದು ಹೇಗೆ?
1964ರಿಂದ 1970ರವರೆಗೆ ಅಮೆರಿಕದ ಎನ್‌ಬಿಸಿ ಟಿವಿಯಲ್ಲಿ ಬಂದ, ಗಡಿನಾಡಿನ ಸಾಹಸಿಯೊಬ್ಬನ ಹೆಸರಿನ ‘ಡೇನಿಯಲ್ ಬೂನ್’ ಧಾರಾವಾಹಿಯ ಕಥೆ 18ನೇ ಶತಮಾನದ ಕೆಂಟಕಿಯದು. ಬೆಂಕಿಪೊಟ್ಟಣ ಇನ್ನೂ ಬಂದಿರಲಿಲ್ಲ, ಚಕಮಕಿಯೇ ಗತಿ. ಕಲ್ಲಿಗಿಂತ ಮುಖ್ಯವಾದದ್ದು ಕಿಡಿಯನ್ನು ಹಿಡಿದಿಡುವ ಕರಿಕಾದ ಬಟ್ಟೆ.

ಅಪ್ಪಟ ಹತ್ತಿಬಟ್ಟೆಯನ್ನು 2 ಇಂಚಿನ ತುಂಡು ಮಾಡಿ ತಗಡಿನ ಡಬ್ಬಿಗೆ ಹಾಕಿ. ಮುಚ್ಚಳಕ್ಕೆ ಮೊಳೆಯಿಂದ ಒಂದೇ ತೂತು. ಬಯಲಲ್ಲಿ ಕೆಂಡದ ಮೇಲಿಟ್ಟು, ತೂತಿನ ಹೊಗೆ ನಿಂತ ಮೇಲೆ ಇಳಿಸಿ. ಆರುವ ಮುಂಚೆ ತೆರೆದಿರೋ, ಗಾಳಿ ತಾಗಿ ಎಲ್ಲ ಬೂದಿ. ಬಟ್ಟೆ ಕಂದು ಬಣ್ಣಕ್ಕಿದ್ದರೆ ಮತ್ತೆ ಕೆಂಡಕ್ಕಿಡಿ. ಪಾಲಿಯೆಸ್ಟರ್ ಬೆರೆತದ್ದು ಕರಗಿ ಅಂಟುತ್ತದೆ, ಬೇಡ.

ಕರಿಬಟ್ಟೆಯನ್ನು ಕಲ್ಲಿನ ಚೂಪು ಅಂಚಿಗೆ ಸರಿಯಾಗಿ, ಮೇಲುಗಡೆ ಹೆಬ್ಬೆರಳಿಂದ ಒತ್ತಿ ಹಿಡಿಯಿರಿ. ಹಳೆಯ ಉಕ್ಕಿನ ಅರದ (ಫೈಲ್) ತುಂಡಿನಿಂದ ಅಂಚನ್ನು ಸವರಿದಂತೆ ಕೆಳಕ್ಕೆ ಹೊಡೆಯಿರಿ. ಸ್ಟೇನ್‌ಲೆಸ್ ಸ್ಟೀಲಿನಿಂದ ಕಿಡಿ ಬರುವುದಿಲ್ಲ. ಬಟ್ಟೆಯಲ್ಲಿ ಕೆಂಪು ಚುಕ್ಕಿ ಹರಡತೊಡಗಿದಾಗ ಒಣಹುಲ್ಲಿನ ಗೂಡಿನಲ್ಲಿಟ್ಟು ಮೆಲ್ಲಗೆ, ಉದ್ದಕ್ಕೆ ಊದಿ.